ಸರ್ಕಾರಕ್ಕೆ ಕಣ್ಣು ಹೊಡೆಯೋ ಚಿಕ್ಕಜ್ಜ

ತಿಪಟೂರಿನ ನಮ್ಮ ಚಿಕ್ಕಜ್ಜ ನನ್ನನ್ನ ಯಾರಿಗೆ ಪರಿಚಯಿಸಿದರೂ ಹೇಳೋದು ಒಂದೇ: "ಇವನೂ ಇಂಜಿನಿಯರ್, ನಾನೂ ಇಂಜಿನಿಯರ್. ಇವನು ತಪ್ಪಿದ್ರೆ ಕಂಪ್ಯೂಟರ್ ನಿಲ್ಲುತ್ತೆ. ನಾನು ತಪ್ಪಿದ್ರೆ ನಾನೇ ಇರ್ತಿರಲಿಲ್ಲ!"

ಓದಿದ್ದು ಏಳನೇ ಕ್ಲಾಸು. ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್ ಸೇರಿ, 1971ರ ಯುದ್ಧದಲ್ಲಿ ಪಶ್ಚಿಮ ಗಡಿಯ ಶಕರ್‌ಗಢದ ಕಡೆ ನೆಲಬಾಂಬ್ ತೆಗೆದವರು. ಟ್ಯಾಂಕು ಹೋಗೋಕೆ ದಾರಿ ಬೇಕಲ್ಲ? ಕತ್ತಲಲ್ಲಿ ಹೊಟ್ಟೆ ಮೇಲೆ ತೆವಳುತ್ತಾ, ಮಣ್ಣನ್ನ ಮೆಲ್ಲಗೆ ಚುಚ್ಚಿ ನೋಡುತ್ತಾ ಮುಂದೆ ಹೋಗೋದು ಇವರ ಕೆಲಸ.

ಪ್ರತಿ ನವೆಂಬರ್‌ನಲ್ಲಿ ಪಿಂಚಣಿಗೆ ಅವರ 'ಜೀವನ್ ಪ್ರಮಾಣ್' ಮಾಡಿಕೊಡೋದು ನನ್ನ ಡ್ಯೂಟಿ. ಫೋನ್ ಹಿಡಿದು "ಕಣ್ಣು ಮಿಟುಕಿಸಿ ಚಿಕ್ಕಜ್ಜ" ಅಂದರೆ, "ಬದುಕಿದೀನಿ ಅಂತ ಸರ್ಕಾರಕ್ಕೆ ಕಣ್ಣು ಹೊಡೀಬೇಕೇನೋ? ನಿಮ್ಮಜ್ಜಿ ನೋಡಿದ್ರೆ ಬಿಡ್ತಾಳಾ?" ಅಂತಾರೆ. ಮನೆಯೆಲ್ಲ ನಗು.

ಹೋದ ಸಲ ಮಾತ್ರ, "ಸರ್ಟಿಫಿಕೇಟ್ ಬಂತು" ಅಂದಾಗ ನಗಲಿಲ್ಲ. "ನಮ್ಮ ಸೆಕ್ಷನ್‌ನ ಇಬ್ಬರು ಆ ಡಿಸೆಂಬರ್ ದಾಟಲಿಲ್ಲ ಕಣೋ. ಒಬ್ಬನಿಗೆ ಇನ್ನೂ ಇಪ್ಪತ್ತು" ಅಂದರು. ಹೆಸರು ಕೇಳಿದೆ. ಹೇಳಿದರು, ಊರೂ ಹೇಳಿದರು. ಐವತ್ತು ವರ್ಷ ಜೊತೆಗೆ ಬಾಳಿದ ಅಜ್ಜಿ ಆ ಹೆಸರುಗಳನ್ನ ಕೇಳಿದ್ದು ಅವತ್ತೇ. ಆಮೇಲೆ ಅವರೇ, "ಕಾಫಿ ಕೊಡೇ, ಬದುಕಿದೀನಿ ಅಂತ ಪ್ರೂಫ್ ಬಂದಿದೆ" ಅಂದರು.

ಆ ಎರಡು ಹೆಸರು ಈಗ ನನ್ನ ಫೋನಲ್ಲಿ ಅವರದೇ ದನಿಯಲ್ಲಿವೆ. ನಿಮ್ಮನೇಲೂ ಇಂಥ ನಗಿಸೋ ಹಿರಿಯರಿದ್ದರೆ, ಜೋಕ್ ಮುಗಿದ ಮೇಲೂ ಒಂದೈದು ನಿಮಿಷ ಅಲ್ಲೇ ಕೂತಿರಿ.