ಗಣಕಯಂತ್ರದ ಸದ್ದೂ ನಮ್ಮ ಅವಸರವೂ



ಯಂತ್ರವೊಂದು ಅಪರಿಚಿತ ಸದ್ದು ಮಾಡಿದೊಡನೆ ಅದರ ಬಿಡಿಭಾಗವನ್ನು ಬದಲಿಸುವುದೇ ದುರಸ್ತಿ ಎಂಬ ನಂಬಿಕೆ ಈಗ ಎಲ್ಲೆಡೆ ಬೇರೂರಿದೆ. ಸದ್ದು ಎಲ್ಲಿಂದ ಬಂತು, ಯಾವಾಗ ಬಂತು ಎಂದು ಕೇಳುವ ವ್ಯವಧಾನ ರಿಪೇರಿ ಮಾಡುವವರಿಗೂ ಇಲ್ಲ, ಮಾಡಿಸಿಕೊಳ್ಳುವವರಿಗೂ ಇಲ್ಲ. ಇದು ಕೇವಲ ಹಣದ ಪ್ರಶ್ನೆಯಾಗಿದ್ದರೆ ನಾನು ಇಷ್ಟು ಬರೆಯಲು ಕೂರುತ್ತಿರಲಿಲ್ಲ. ಕಾರಣವನ್ನು ಹುಡುಕದೆ ಪರಿಹಾರವನ್ನು ಕೊಂಡುಕೊಳ್ಳುವ ಈ ಅಭ್ಯಾಸ ತೀರ ಅನಾಹುತಕಾರಿ ಎಂಬುದು ನನ್ನ ಅಭಿಪ್ರಾಯ. ನಮ್ಮ ಮನೆಯ ಗಣಕಯಂತ್ರವೇ ಇದಕ್ಕೆ ಒಳ್ಳೆಯ ಉದಾಹರಣೆ ಒದಗಿಸಿದೆ.

ನಿಮ್ಮಲ್ಲಿ ಕೆಲವರು ಬಲ್ಲಂತೆ ನಮ್ಮ ಮನೆ ಊರಿನ ಅಂಚಿನಲ್ಲಿ, ಅಡಿಕೆ ತೋಟಗಳಿಗೆ ತಾಗಿಕೊಂಡಿದೆ. ಹಳೆಯ ಮೇಜುಗಣಕವೊಂದು ಒಳಕೋಣೆಯಲ್ಲಿದೆ. ಅದರಲ್ಲಿ ನನ್ನ ಲೇಖನಗಳಿರುವುದು ದೊಡ್ಡ ಮಾತಲ್ಲ. ನನ್ನ ಶ್ರೀಮತಿಯವರು ತಮ್ಮ ತಾಯಿಯಿಂದ ಕೇಳಿ ಬರೆದುಕೊಂಡ ಸೋಬಾನೆ ಹಾಡುಗಳೂ ಬೀಸುವ ಪದಗಳೂ ಅದರಲ್ಲಿವೆ. ವರ್ಷಗಟ್ಟಲೆ ಕುಳಿತು ನುಡಿ ತಂತ್ರಾಂಶದಲ್ಲಿ ಅಕ್ಷರ ಅಕ್ಷರವಾಗಿ ಬೆರಳಚ್ಚಿಸಿದ್ದು. ಹಾಡಿದ ಹಿರಿಯ ಜೀವ ಈಗಿಲ್ಲ. ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಅವರ ಧ್ವನಿಯೂ ಅದೇ ಯಂತ್ರದಲ್ಲಿದೆ.

ಕಳೆದ ವರ್ಷ ಈ ಯಂತ್ರದ ಕಡೆಯಿಂದ ಒಂದು ಸದ್ದು ಶುರುವಾಯಿತು. 'ಟಕ್' ಎಂದು ಒಮ್ಮೆ. ಕೆಲವು ನಿಮಿಷಗಳ ನಂತರ ಇನ್ನೊಮ್ಮೆ. ಮತ್ತೆ ಅರ್ಧ ಗಂಟೆ ಮೌನ. ನೋಡಲು ಬಂದ ತಂತ್ರಜ್ಞ ಯುವಕ ಎರಡು ನಿಮಿಷ ನಿಂತು, "ಹಾರ್ಡ್ ಡಿಸ್ಕ್ ಹೋಗ್ತಾ ಇದೆ ಸಾರ್. ಹೊಸದು ಹಾಕಿ ಫಾರ್ಮ್ಯಾಟ್ ಮಾಡಿಬಿಡೋಣ. ಹಳೇ ಫೈಲು ಬರೋ ಗ್ಯಾರಂಟಿ ಇಲ್ಲ" ಎಂದ. ಪೆಟ್ಟಿಗೆಯನ್ನು ಬಿಚ್ಚಿಯೂ ಇರಲಿಲ್ಲ. ಅವನ ಊಹೆ ಪೂರ್ತಿ ಆಧಾರರಹಿತ ಎನ್ನಲಾರೆ. ಹಾರ್ಡ್ ಡಿಸ್ಕಿನ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸಲ ತಿರುಗುತ್ತಿರುತ್ತವೆ. ಓದುವ ತಲೆ ಅವುಗಳ ಮೇಲೆ ಕೆಲವೇ ನ್ಯಾನೊಮೀಟರ್ ಅಂತರದಲ್ಲಿ ತೇಲುತ್ತಿರುತ್ತದೆ. ಆ ತಲೆಗೆ ತನ್ನ ದಾರಿಯ ಗುರುತು ಸಿಗದಿದ್ದಾಗ ಹಿಂದಕ್ಕೆ ಸರಿದು ಮತ್ತೆ ಪ್ರಯತ್ನಿಸುತ್ತದೆ, ಹಾಗೆ ಮಾಡುವಾಗ ಟಕ್ ಟಕ್ ಎನ್ನುತ್ತದೆ. ಆದರೆ ಆ ಸದ್ದಿಗೆ ಒಂದು ಲಯವಿರುತ್ತದೆ, ಸಮಾನ ಅಂತರದಲ್ಲಿ ಹಲವು ಬಾರಿ ಬರುತ್ತದೆ, ಸಾಮಾನ್ಯವಾಗಿ ಆಗ ತೆರೆಯೂ ಸ್ತಬ್ಧವಾಗಿಬಿಡುತ್ತದೆ. ನಮ್ಮದು ಒಂಟಿ ಸದ್ದು. ಯಂತ್ರವೋ ಏನೂ ಆಗಿಲ್ಲವೆಂಬಂತೆ ಕೆಲಸ ಮಾಡುತ್ತಿತ್ತು.

ಆ ಯುವಕನನ್ನು ಚಹಾ ಕೊಟ್ಟು ಕಳುಹಿಸಿ, ಮೊದಲು ಮಾಡಿದ ಕೆಲಸವೆಂದರೆ ಎಲ್ಲ ಕಡತಗಳನ್ನೂ ಹೊರಗಿನ ಎರಡು ಡಿಸ್ಕುಗಳಿಗೆ ಪ್ರತಿ ಮಾಡಿಟ್ಟದ್ದು. ಪತ್ತೇದಾರಿಕೆ ಏನಿದ್ದರೂ ಆಮೇಲೆ. ಒಂದು ವೇಳೆ ಅವನ ಮಾತೇ ನಿಜವಾಗಿದ್ದರೆ ನನ್ನ ಕುತೂಹಲಕ್ಕೆ ಅತ್ತೆಯವರ ಧ್ವನಿ ಬಲಿಯಾಗಬಾರದಲ್ಲ!

ಬಳಿಕ ಒಂದು ನೋಟ್ ಪುಸ್ತಕ ತೆಗೆದು ದಿನಾಂಕ, ವೇಳೆ, ಆಗ ಏನೇನು ಚಾಲೂ ಇತ್ತು ಎಂದು ಗೆರೆ ಹಾಕಿ ಬರೆಯತೊಡಗಿದೆ. ಮನೆಯವರು ನಕ್ಕರು. ಆದರೆ ಗಣಕಯಂತ್ರದ ಸದ್ದುಗಳು ಒಂದೊಂದೂ ಒಂದೊಂದು ಜಾತಿಯವು, ಅವುಗಳ ಗುಣಸ್ವಭಾವ ತಿಳಿಯದೆ ಹೆಸರು ಹೇಳಬಾರದು. ಧೂಳು ತುಂಬಿದ ಫ್ಯಾನು ಯಂತ್ರಕ್ಕೆ ಕೆಲಸ ಹೆಚ್ಚಿ ಬಿಸಿಯೇರಿದಾಗ ಜೋರಾಗುತ್ತದೆ, ತಣ್ಣಗಾದಾಗ ಇಳಿಯುತ್ತದೆ. ವಿದ್ಯುತ್ ಸುರುಳಿಗಳು ಕಂಪಿಸಿದರೆ ಸೊಳ್ಳೆಯ ಹಾಡಿನಂಥ ಸಣ್ಣ ಸಿಳ್ಳು ಕೇಳುತ್ತದೆ. ಸ್ಪೀಕರಿನ ಬಳಿ ಮೊಬೈಲ್ ಇಟ್ಟಾಗ ಕರೆ ಬರುವ ಮುನ್ನ ಕೇಳುತ್ತಿದ್ದ 'ಡಿರ್ ಡಿರ್' ನಿಮಗೆಲ್ಲ ನೆನಪಿರಬೇಕು. ಜಿಎಸ್ಎಂ ಫೋನು ಸೆಕೆಂಡಿಗೆ ಸುಮಾರು 217 ಬಾರಿ ಬಿಟ್ಟುಬಿಟ್ಟು ಅಲೆಗಳನ್ನು ಹೊಮ್ಮಿಸುವುದರಿಂದ ಹುಟ್ಟುತ್ತಿದ್ದ ಗೊರಕೆ ಅದು. ಒಂದು ದಿನ ಸ್ಪೀಕರನ್ನು ತೆಗೆದಿಟ್ಟೆ. ಇನ್ನೊಂದು ದಿನ ಫೋನನ್ನು ಹಜಾರಕ್ಕೆ ಗಡಿಪಾರು ಮಾಡಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ. 'ಟಕ್' ಮಾತ್ರ ನಿಲ್ಲಲಿಲ್ಲ.

ಮೂರು ವಾರಗಳಲ್ಲಿ ಪುಟಗಳು ಮಾತಾಡತೊಡಗಿದವು. ಸದ್ದುಗಳಲ್ಲಿ ಬಹುಪಾಲು ಸಂಜೆ ಆರರಿಂದ ಒಂಬತ್ತರೊಳಗೆ, ಉಳಿದವು ನಸುಕಿನಲ್ಲಿ. ನಡುವೆ ಮೂರು ದಿನ ಅಕಾಲ ಮಳೆ ಹಿಡಿಯಿತು. ಆ ಮೂರು ದಿನ ಒಂದೇ ಒಂದು ದಾಖಲೆಯಿಲ್ಲ. ಮಳೆ ನಿಂತು ಎರಡು ದಿನ ಬಿಸಿಲು ಬಿದ್ದ ಮೇಲೆ ಮತ್ತೆ ಶುರು. ತೇವದಿಂದ ಕೆಡುವ ಯಂತ್ರಗಳನ್ನು ಕಂಡಿದ್ದೇನೆ, ಮಳೆಯಿಂದ ಗುಣವಾಗುವ ಹಾರ್ಡ್ ಡಿಸ್ಕನ್ನು ಎಲ್ಲೂ ಕೇಳಿಲ್ಲ!

ಮಳೆ ಬಂದರೆ ನಮ್ಮ ಸುತ್ತಮುತ್ತ ನಿಲ್ಲುವುದು ಒಂದೇ, ತೋಟದ ಪಂಪ್‌ಸೆಟ್ಟು. ಅಂದು ಸಂಜೆ ಗಣಕವನ್ನು ಪೂರ್ತಿ ಆರಿಸಿ, ಸಾಮಾನ್ಯವಾಗಿ ಅದರೊಡನೆಯೇ ಆರಿಸುವ ಯುಪಿಎಸ್ ಒಂದನ್ನು ಮಾತ್ರ ಚಾಲೂ ಬಿಟ್ಟು ಕಾದೆ. ದಪ್ಪ ಕಾಗದವನ್ನು ಸುರುಳಿ ಸುತ್ತಿ ಒಂದು ತುದಿಯನ್ನು ಕಿವಿಗೂ ಇನ್ನೊಂದನ್ನು ಪೆಟ್ಟಿಗೆಗೂ ಹಿಡಿದೆ. ಫ್ರಾನ್ಸಿನ ವೈದ್ಯ ಲೆನೆಕ್ 1816ರಲ್ಲಿ ಇಂಥದೇ ಕಾಗದದ ಸುರುಳಿಯನ್ನು ರೋಗಿಯ ಎದೆಗಿಟ್ಟು ಆಲಿಸಿದ್ದರಿಂದಲೇ ಸ್ಟೆತೊಸ್ಕೋಪು ಹುಟ್ಟಿತು. ಆರೂ ಇಪ್ಪತ್ತಕ್ಕೆ ಟ್ಯೂಬ್‌ಲೈಟು ಒಮ್ಮೆ ಮಂಕಾಯಿತು. ಮೇಜಿನ ಕೆಳಗಿದ್ದ ಯುಪಿಎಸ್ಸಿನ ಹೊಟ್ಟೆಯೊಳಗಿಂದ, 'ಟಕ್'.

ನಡೆಯುತ್ತಿದ್ದುದು ಇಷ್ಟು. ಪಂಪಿನ ಮೋಟಾರು ಹೊರಡುವ ಗಳಿಗೆಯಲ್ಲಿ ತನ್ನ ಮಾಮೂಲಿ ವಿದ್ಯುತ್ತಿನ ಐದಾರು ಪಟ್ಟು ಸೆಳೆಯುತ್ತದೆ. ನಮಗೂ ತೋಟಗಳಿಗೂ ಒಂದೇ ಪರಿವರ್ತಕ. ನಾಲ್ಕಾರು ಪಂಪು ಒಟ್ಟಿಗೆ ಹೊರಟರೆ 230 ವೋಲ್ಟ್ ಇರಬೇಕಾದ ಕಡೆ ನನ್ನ ಮಾಪಕ 180 ತೋರಿಸಿತು. ಇಂಥ ಯುಪಿಎಸ್ಸಿನೊಳಗೆ ಒಂದು ಪುಟ್ಟ ಪರಿವರ್ತಕವೂ ರಿಲೇ ಎಂಬ ವಿದ್ಯುತ್ಕಾಂತೀಯ ಸ್ವಿಚ್ಚೂ ಇರುತ್ತವೆ. ಒತ್ತಡ ಕುಸಿದಾಗ ರಿಲೇ ಇನ್ನೊಂದು ತಂತಿಗೆ ಹಾರಿ ಅದನ್ನು ಮೇಲೆತ್ತುತ್ತದೆ, ಸುಧಾರಿಸಿದಾಗ ಹಿಂದಕ್ಕೆ ಹಾರುತ್ತದೆ. ಹೋಗುವಾಗ ಒಂದು ಟಕ್, ಬರುವಾಗ ಒಂದು ಟಕ್. ಹತ್ತನೆಯ ತರಗತಿಯಲ್ಲಿ ನೀವು ಮೊಳೆಗೆ ತಾಮ್ರದ ತಂತಿ ಸುತ್ತಿ ಗುಂಡುಸೂಜಿ ಎತ್ತಿದ್ದಿರಲ್ಲ, ಅದರ ತಮ್ಮನೇ ಇದು. ಹಾರ್ಡ್ ಡಿಸ್ಕಿಗೂ ಇದಕ್ಕೂ ಸಂಬಂಧವಿಲ್ಲ. ನಿಜ ಹೇಳಬೇಕೆಂದರೆ ಆ ಸದ್ದು ಡಿಸ್ಕನ್ನು ಕಾಪಾಡುತ್ತಿದ್ದ ಕಾವಲುಗಾರನದು.

ಇಷ್ಟು ದಿನ ಎಲ್ಲರಿಗೂ ಅದು ಗಣಕದಿಂದಲೇ ಬಂದಂತೆ ಏಕೆ ಕೇಳಿಸಿತು? ಕ್ಷಣಮಾತ್ರದ ಸದ್ದು ಮೇಜಿನ ಹಲಗೆಗೂ ಗೋಡೆಗೂ ಬಡಿದು ಬರುವಾಗ ಕಿವಿಗೆ ದಿಕ್ಕು ಸಿಗುವುದು ಕಷ್ಟ. ಆಗ ಕಣ್ಣು ಯಾವುದನ್ನು ನೋಡುತ್ತಿದೆಯೋ ಅದನ್ನೇ ಮನಸ್ಸು ಅಪರಾಧಿಯನ್ನಾಗಿ ಮಾಡುತ್ತದೆ. ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಆಸ್ಟ್ರೇಲಿಯಾದ ಪಾರ್ಕ್ಸ್ ಎಂಬಲ್ಲಿ 64 ಮೀಟರ್ ವ್ಯಾಸದ ರೇಡಿಯೊ ದೂರದರ್ಶಕವಿದೆ. 1998ರಿಂದ ಅದಕ್ಕೆ ಆಗೊಮ್ಮೆ ಈಗೊಮ್ಮೆ ವಿಚಿತ್ರ ಸಂಕೇತಗಳು ಸಿಗುತ್ತಿದ್ದವು. 2015ರಲ್ಲಿ ಖಗೋಳ ವಿಜ್ಞಾನಿಗಳು ಅವುಗಳ ಮೂಲವನ್ನು ಪತ್ತೆ ಹಚ್ಚಿದರು: ಅಲ್ಲಿನ ಮೈಕ್ರೊವೇವ್ ಒಲೆ. ಅದು ನಿಲ್ಲುವ ಮೊದಲೇ ಯಾರಾದರೂ ಅವಸರಪಟ್ಟು ಬಾಗಿಲು ತೆರೆದಾಗ ಆ ಸಂಕೇತ ಹೊಮ್ಮುತ್ತಿತ್ತು. ಅವು ಬಹುಮಟ್ಟಿಗೆ ಹಗಲಿನ ಕೆಲಸದ ವೇಳೆಯಲ್ಲೇ ಬರುತ್ತಿದ್ದುದೂ ಒಂದು ಸುಳಿವಾಗಿತ್ತು. ಆಕಾಶಕ್ಕೆ ಊಟದ ವೇಳೆ ಗೊತ್ತಿರುವುದಿಲ್ಲವಷ್ಟೆ!

ಆ ತಂತ್ರಜ್ಞ ಯುವಕನನ್ನು ನಾನು ಹೆಚ್ಚು ದೂಷಿಸಲಾರೆ. ದಿನಕ್ಕೆ ಹತ್ತು ಮನೆ ಸುತ್ತುವವನಿಗೆ ಮೂರು ವಾರ ನೋಟ್ ಪುಸ್ತಕ ಹಿಡಿದು ಕೂರು ಎನ್ನುವುದು ನ್ಯಾಯವಲ್ಲ. ಆದರೆ "ಗೊತ್ತಿಲ್ಲ, ಗಮನಿಸಿ ನೋಡಿ, ಅಷ್ಟರಲ್ಲಿ ಪ್ರತಿ ಮಾಡಿಟ್ಟುಕೊಳ್ಳಿ" ಎನ್ನಬಹುದಿತ್ತು. ಹಾಗೆ ಹೇಳಲು ಅವನಿಗೆ ಯಾರು ಕಲಿಸಿದ್ದಾರೆ? ನಮ್ಮ ಶಾಲೆಗಳ ಪ್ರಯೋಗಾಲಯಗಳಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ. ಓಮನ ನಿಯಮದ ಪ್ರಯೋಗದಲ್ಲಿ ಮಾಪಕದ ಮುಳ್ಳು ಏನೇ ತೋರಲಿ, ಗ್ರಾಫು ಮಾತ್ರ ನೆಟ್ಟಗೆ ಸರಳರೇಖೆ. ಮೊದಲು ಗೆರೆ ಎಳೆದು ಆಮೇಲೆ ಬಿಂದು ಇಡುವ ಜಾಣರು ಪ್ರತಿ ತರಗತಿಯಲ್ಲೂ ಇರುತ್ತಿದ್ದರು. ಯಾರೆಂದು ಹೇಳುವುದಿಲ್ಲ, ಓದುತ್ತಿರುವವರಿಗೆ ಗೊತ್ತಿದೆ. ನನ್ನ ಕೈಗೆ ಅಧಿಕಾರವಿದ್ದರೆ ಪ್ರೌಢಶಾಲೆಯ ಪ್ರತಿ ಮಗುವಿಗೂ ವರ್ಷಕ್ಕೆ ಒಂದು ಉತ್ತರ ಗೊತ್ತಿಲ್ಲದ ಪ್ರಶ್ನೆ ಕೊಡುತ್ತಿದ್ದೆ: ಮನೆಯ ಒಂದು ಸದ್ದು, ನಲ್ಲಿಯ ಒಂದು ಸೋರಿಕೆ, ತಡವಾಗಿ ಹೊತ್ತುವ ಒಂದು ದೀಪ. ದಾಖಲೆಯ ಪುಟಗಳಿಗೆ ಅಂಕ, ಉತ್ತರಕ್ಕಲ್ಲ. ಇದಕ್ಕೆ ಉಪಕರಣ ಬೇಡ, ಅನುದಾನವೂ ಬೇಡ.

ಮೂರು ವಾರಗಳ ಆ ಪುಟಗಳ ನೆರಳಚ್ಚನ್ನು ಲಗತ್ತಿಸಿ, ಪರಿವರ್ತಕದ ಮೇಲಿನ ಭಾರವನ್ನು ಪರಿಶೀಲಿಸಬೇಕೆಂದು ಸಂಬಂಧಪಟ್ಟ ಕಚೇರಿಗೆ ಅರ್ಜಿ ಕೊಟ್ಟಿದ್ದೇನೆ. ಸ್ವೀಕೃತಿ ಬಂದಿದೆ, ಲೈನ್‌ಮನ್ ಇನ್ನೂ ಬಂದಿಲ್ಲ. ನುಡಿಯ ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಕೆಲಸವನ್ನು ಶ್ರೀಮತಿಯವರು ಕೈಗೆತ್ತಿಕೊಂಡಿದ್ದಾರೆ. ಒತ್ತಕ್ಷರಗಳು ಅಲ್ಲಲ್ಲಿ ಜಾಗ ತಪ್ಪುವುದರಿಂದ ಸಾಲು ಸಾಲನ್ನೂ ತಿದ್ದಬೇಕಾಗಿದೆ. ಕೆಲಸದ ನಡುವೆ ಟಕ್ ಎಂದರೆ ಈಗ ತಲೆಯೆತ್ತುವುದಿಲ್ಲ. "ಕೆಳಮನೆಯವರು ತೋಟಕ್ಕೆ ನೀರು ಬಿಟ್ಟರು" ಎಂದು ಹೇಳಿ ಮುಂದಿನ ಹಾಡಿಗೆ ಹೋಗುತ್ತಾರೆ.