ಮನೆಯ ಬನ್ನು ಪ್ರಸಾದಕ್ಕೆ ಸಲ್ಲುವುದೇ?



ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಮನೆಗಳಲ್ಲಿ ಒಂದು ಜಿಜ್ಞಾಸೆ ಮೇಲಿಂದ ಮೇಲೆ ಕೇಳಿಬರುತ್ತಿದೆ. ಮಕ್ಕಳು ಬನ್ನು ಬೇಡುತ್ತಾರೆ. ಸೊಸೆಯಂದಿರು ಅದನ್ನು ಇಡೀ ಗೋಧಿಯ ಹಿಟ್ಟಿನಿಂದ ಮನೆಯಲ್ಲಿಯೇ ಮಾಡಲು ಸಿದ್ಧರಿದ್ದಾರೆ. ಆದರೆ ಅತ್ತೆಯವರು, “ಯೀಸ್ಟ್ ಹಾಕಿದ್ದು ನಮ್ಮ ಮನ್ಯಾಗ ನಡಿಯಂಗಿಲ್ಲವಾ” ಎಂದು ತಡೆಯುತ್ತಾರೆ. ಯೀಸ್ಟ್ ಜೀವಿಯಲ್ಲವೇ? ಅದರಲ್ಲಿ ಮದ್ಯದ ಅಂಶವಿಲ್ಲವೇ? ಬನ್ನಿಗೆ ಮೊಟ್ಟೆ ಸೇರುವುದಿಲ್ಲವೇ? ಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸುವವರಿಗೆ ಈ ಪ್ರಶ್ನೆಗಳು ಸಣ್ಣವಲ್ಲ. ಮನೆಯ ಶಾಂತಿಯೂ ಇದರಲ್ಲಿ ಅಡಗಿದೆ. ಆದುದರಿಂದ ತಿಳಿದು ನಿರ್ಣಯಿಸುವುದು ಒಳಿತು.

ಹಿರಿಯರ ಶಂಕೆ ನಿರಾಧಾರವಾದುದಲ್ಲ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರೊಡನೆ ಹುದುಗಿಸಿದ ರೊಟ್ಟಿಯ ಪದ್ಧತಿ ಅಲ್ಲಿ ನೆಲೆಯೂರಿತು. ‘ಪಾವ್’ ಎಂಬ ಮಾತು ಅವರ ಭಾಷೆಯದೇ. ಯೀಸ್ಟ್ ದೊರೆಯದಿದ್ದ ಕಾರಣ ಗೋವೆಯವರು ತೆಂಗಿನ ಸೇಂದಿಯನ್ನು ಹಿಟ್ಟಿಗೆ ಬೆರೆಸಿ ಉಬ್ಬಿಸುತ್ತಿದ್ದರು. ತವಡು ಸಹಿತವಾದ ಗೋಧಿಹಿಟ್ಟಿನಿಂದ ಮಾಡುವ ಅಲ್ಲಿಯ ‘ಪೊಯಿ’ ಎಂಬ ರೊಟ್ಟಿಯೂ ಹಿಂದೆ ಸೇಂದಿಯಿಂದಲೇ ಉಬ್ಬುತ್ತಿತ್ತು. ಸಹ್ಯಾದ್ರಿಯ ಈಚೆಗಿರುವ ನಮ್ಮ ಸೀಮೆಯ ಹಿರಿಯರು ಅಂಥದನ್ನು ದೂರವಿಟ್ಟಿದ್ದರೆ ಅದು ಅವರ ಆಚಾರಕ್ಕೆ ತಕ್ಕುದೇ ಆಗಿತ್ತು. ಇಂದು ಅಂಗಡಿಯಲ್ಲಿ ದೊರೆಯುವ ಒಣ ಯೀಸ್ಟಿಗೆ ಸೇಂದಿ ಬೇಕಿಲ್ಲ. ಅದನ್ನು ಸಾಮಾನ್ಯವಾಗಿ ಸಕ್ಕರೆ ಕಾರ್ಖಾನೆಯ ಕಾಕಂಬಿಯ ಮೇಲೆ ಬೆಳೆಸಿ, ತೊಳೆದು, ಒಣಗಿಸುತ್ತಾರೆ.

ಯೀಸ್ಟ್ ಪ್ರಾಣಿಯಲ್ಲ. ಅಣಬೆಯ ವರ್ಗಕ್ಕೆ ಸೇರಿದ, ಕಣ್ಣಿಗೆ ಕಾಣದ ಏಕಕೋಶ ಶಿಲೀಂಧ್ರ. ಹಾಲನ್ನು ಮೊಸರಾಗಿಸುವ, ಇಡ್ಲಿಯ ಹಿಟ್ಟನ್ನು ಉಬ್ಬಿಸುವ ಬ್ಯಾಕ್ಟೀರಿಯಾಗಳೂ ಅದೇ ರೀತಿಯ ಸೂಕ್ಷ್ಮಜೀವಿಗಳು. ಇಡ್ಲಿಯ ಹಿಟ್ಟಿನಲ್ಲಿ ಅವುಗಳ ಜೊತೆಗೆ ಯೀಸ್ಟೂ ತಾನಾಗಿಯೇ ಇರುವುದುಂಟು. ಹೆಪ್ಪು ಹಾಕಿದ ಮೊಸರನ್ನು, ಹುಳಿ ಬಂದ ಅಂಬಲಿಯನ್ನು ಸಂಕೋಚವಿಲ್ಲದೆ ಸ್ವೀಕರಿಸುವ ಮನೆಯಲ್ಲಿ ಯೀಸ್ಟಿಗೆ ಮಾತ್ರ ಬಾಗಿಲು ಮುಚ್ಚುವುದಕ್ಕೆ ಕಾರಣ ಕಾಣದು.

ಎರಡನೆಯದು ಮದ್ಯದ ಮಾತು. ಯೀಸ್ಟ್ ಹಿಟ್ಟಿನಲ್ಲಿರುವ ಸಕ್ಕರೆಯನ್ನುಂಡು ಇಂಗಾಲದ ಡೈ ಆಕ್ಸೈಡ್ ಅನಿಲವನ್ನೂ ಸ್ವಲ್ಪ ಮದ್ಯಸಾರವನ್ನೂ ಬಿಡುತ್ತದೆ. ಅನಿಲ ಹಿಟ್ಟನ್ನು ಉಬ್ಬಿಸುತ್ತದೆ. ಮದ್ಯಸಾರದ ಬಹುಭಾಗ ಬೇಯುವಾಗ ಹಾರಿಹೋಗುತ್ತದೆ. ಉಳಿಯುವ ಲವಲೇಶದಿಂದ ಅಮಲೇರುವ ಮಾತೇ ಇಲ್ಲ. ಮೂರನೆಯದು ಮೊಟ್ಟೆ. ಬನ್ನು ಹೊಳೆಯಲೆಂದು ಮೊಟ್ಟೆಯ ರಸ ಸವರುವ ರೂಢಿ ಕೆಲವು ಬೇಕರಿಗಳಲ್ಲಿದೆ. ಮನೆಯಲ್ಲಿ ಹಾಲು ಸವರಿದರೆ ಸಾಕು. ಶಂಕೆ ಬನ್ನಿನ ಮೇಲಿರಬೇಕಾದುದಲ್ಲ, ಅದನ್ನು ಮಾಡುವ ಬಗೆಯ ಮೇಲೆ.

ನಿಜವಾಗಿ ಚಿಂತಿಸಬೇಕಾದ ವಿಷಯ ಬೇರೆಯೇ ಇದೆ. ಗೋಧಿಯ ಕಾಳಿನಲ್ಲಿ ನೂರಕ್ಕೆ ಸುಮಾರು 83 ಭಾಗ ಒಳಗಿನ ಬಿಳಿ ತಿರುಳು, 14 ಭಾಗ ತವಡು, ಉಳಿದದ್ದು ಮೊಳಕೆ. ಮೈದಾ ಎಂದರೆ ತಿರುಳು ಮಾತ್ರ. ನಾರು, ಕಬ್ಬಿಣ, ಬಿ ಜೀವಸತ್ವಗಳ ದೊಡ್ಡ ಪಾಲು ತವಡು ಮೊಳಕೆಗಳಲ್ಲಿದೆ. ಆ ತವಡೇ ಬೂಸಾ ಎಂಬ ಹೆಸರಿನಿಂದ ಕೊಟ್ಟಿಗೆಗೆ ಹೋಗುತ್ತದೆ. ಸಾರವನ್ನು ದನಕ್ಕೆ ಹಾಕಿ ಮಕ್ಕಳಿಗೆ ಬಿಳಿಯ ಬನ್ನು ಕೊಡುವ ನಾವು ಇದನ್ನು ಯೋಚಿಸಬೇಡವೇ? ಹಿಟ್ಟು ಚೆನ್ನಾಗಿ ಉಬ್ಬಲೆಂದು ಬೆರೆಸುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟ್ ಎಂಬ ವಸ್ತುವನ್ನು ನಮ್ಮ ದೇಶ 2016ರಲ್ಲಿ ನಿಷೇಧಿಸಿತು. ಮನೆಯ ಬನ್ನಿಗೆ ಇಂಥದರ ಅಗತ್ಯವೇ ಇಲ್ಲ. ಇನ್ನೊಂದು ವಿಶೇಷವುಂಟು: ತವಡಿನಲ್ಲಿರುವ ಫೈಟೇಟ್ ಎಂಬ ಅಂಶ ಕಬ್ಬಿಣ, ಸತುಗಳನ್ನು ದೇಹಕ್ಕೆ ದಕ್ಕದಂತೆ ಹಿಡಿದಿಡುತ್ತದೆ; ಹಿಟ್ಟು ಹುದುಗಿದಾಗ ಆ ಹಿಡಿತ ಸಡಿಲಾಗುತ್ತದೆ. ಇಡೀ ಧಾನ್ಯಕ್ಕೂ ಹುದುಗಿಗೂ ಇರುವ ನಂಟು ಇದು.

ನಮ್ಮ ನಾಡಿನಲ್ಲಿಯೇ ಬೆಳೆಯುವ, ಹುಗ್ಗಿಗೆ ಹೆಸರಾದ ಜವೆ ಗೋಧಿ ಇದಕ್ಕೆ ಒದಗುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇದರ ಡಿಡಿಕೆ 1025, ಡಿಡಿಕೆ 1029 ಎಂಬ ಗಿಡ್ಡ ತಳಿಗಳನ್ನು ಕೊಟ್ಟಿದೆ. ಆದರೆ ಜವೆ ಗೋಧಿಯ ಅಂಟಿನ ಹಿಡಿತ ಕಡಿಮೆ. ಅದೊಂದರಿಂದಲೇ ಮಾಡಿದರೆ ಬನ್ನು ಗಟ್ಟಿಯಾದೀತು. ಜೋಳದಲ್ಲಿಯಂತೂ ಆ ಅಂಟು ಇಲ್ಲವೇ ಇಲ್ಲ. ಅದಕ್ಕೆಂದೇ ನಮ್ಮ ತಾಯಂದಿರು ಬಿಸಿನೀರು ಹೊಯ್ದು ಜಿಗಿ ತಂದು ರೊಟ್ಟಿ ಬಡಿಯುತ್ತಾರೆ. ಆದುದರಿಂದ ಮಿಶ್ರಣವೇ ಲೇಸು.

ಕ್ರಮ ಹೀಗಿದೆ. ಗಿರಣಿಯಲ್ಲಿ ಬೀಸಿಸಿದ, ಸಾಣಿಸದ ಸಾದಾ ಗೋಧಿಹಿಟ್ಟು 300 ಗ್ರಾಂ, ಜವೆ ಗೋಧಿಯ ಹಿಟ್ಟು 200 ಗ್ರಾಂ ತೆಗೆದುಕೊಳ್ಳಿರಿ. ಉಗುರುಬೆಚ್ಚಗಿನ 350 ಮಿಲಿಲೀಟರ್ ನೀರಿನಲ್ಲಿ ಒಂದು ದೊಡ್ಡ ಚಮಚ ಬೆಲ್ಲ ಕರಗಿಸಿರಿ. ಕರದಂಟಿನ ಊರಾದ ಗೋಕಾಕದ ಸೀಮೆಯಲ್ಲಿ ಬೆಲ್ಲಕ್ಕೇನು ಬರ! ಅದಕ್ಕೆ ಒಂದು ಚಹಾ ಚಮಚ ಒಣ ಯೀಸ್ಟ್ ಹಾಕಿ ಹತ್ತು ನಿಮಿಷ ಬಿಡಿರಿ. ನೊರೆ ಬಾರದಿದ್ದರೆ ಯೀಸ್ಟ್ ಸತ್ತಿದೆಯೆಂದು ತಿಳಿದು ಬೇರೆ ತನ್ನಿರಿ. ಕುದಿನೀರು ಹೊಯ್ದರೂ ಅದು ಸಾಯುತ್ತದೆ. ಒಂದೂವರೆ ಚಹಾ ಚಮಚ ಉಪ್ಪು, ಎರಡು ದೊಡ್ಡ ಚಮಚ ಶೇಂಗಾ ಎಣ್ಣೆ ಸೇರಿಸಿ ಹಿಟ್ಟು ಕಲಸಿ, ಅರ್ಧ ತಾಸು ಬಿಟ್ಟು, ತವಡು ನೀರು ಕುಡಿದ ಮೇಲೆ ಹತ್ತು ನಿಮಿಷ ನಾದಿರಿ. ಹಿಟ್ಟು ಚಪಾತಿಯದಕ್ಕಿಂತ ಮೆತ್ತಗಿರಲಿ.

ಮುಚ್ಚಿಟ್ಟ ಹಿಟ್ಟು ಬೇಸಿಗೆಯಲ್ಲಿ ಒಂದು ಒಂದೂವರೆ ತಾಸಿನಲ್ಲಿ ಹಿಗ್ಗುತ್ತದೆ. ಚಳಿಗಾಲದಲ್ಲಿ ಇನ್ನೂ ಹೊತ್ತು ಬೇಕು. ಗಡಿಯಾರವನ್ನಲ್ಲ, ಹಿಟ್ಟನ್ನು ನೋಡಬೇಕು. ಹನ್ನೆರಡು ಉಂಡೆ ಮಾಡಿ, ಎಣ್ಣೆ ಸವರಿದ ತಟ್ಟೆಯಲ್ಲಿಟ್ಟು, ಮುಕ್ಕಾಲು ತಾಸು ಮತ್ತೆ ಉಬ್ಬಲು ಬಿಟ್ಟು, ಮೇಲೆ ಹಾಲು ಸವರಿರಿ. ಓವನ್ ಇದ್ದವರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 20ರಿಂದ 25 ನಿಮಿಷ ಬೇಯಿಸಬೇಕು. ಇಲ್ಲದವರು ದಪ್ಪ ತಳದ ದೊಡ್ಡ ಪಾತ್ರೆಯಲ್ಲಿ ಒಣ ಮರಳು ಹಾಸಿ, ಮುಚ್ಚಿ, ಹದಿನೈದು ನಿಮಿಷ ಕಾಯಿಸಿ, ಒಳಗೊಂದು ಕಾಲುಮಣೆಯಂಥ ಸ್ಟ್ಯಾಂಡಿನ ಮೇಲೆ ತಟ್ಟೆಯಿಟ್ಟು, ಬಿಗಿಯಾಗಿ ಮುಚ್ಚಿ, ಹದವಾದ ಉರಿಯಲ್ಲಿ 35 ನಿಮಿಷ ಬೇಯಿಸಬಹುದು. ತಟ್ಟೆ ಚಿಕ್ಕದಾದರೆ ಎರಡು ಸಲ ಬೇಯಿಸಿರಿ. ಬನ್ನಿನ ಅಡಿಯನ್ನು ಬೆರಳಿನಿಂದ ಬಡಿದಾಗ ಟೊಳ್ಳು ಸದ್ದು ಬಂದರೆ ಬೆಂದಿತೆಂದು ಅರ್ಥ.

ಎರಡು ಎಚ್ಚರಿಕೆಗಳು. ಗೋಧಿಯ ಅಂಟು ಒಗ್ಗದ ಕಾಯಿಲೆಯವರಿಗೆ ಜವೆ ಗೋಧಿಯೂ ವರ್ಜ್ಯ. ಸಕ್ಕರೆ ಕಾಯಿಲೆಯವರಿಗೆ ಇದು ಮೈದಾದ ಬನ್ನಿಗಿಂತ ಮೇಲಾದೀತೇ ಹೊರತು ಔಷಧವಲ್ಲ. ಮಿತಿ ಬೇಕೇ ಬೇಕು.

ಹುದುಗಿಸಿದ ಪದಾರ್ಥವನ್ನೇ ಮುಟ್ಟದ ನೇಮ ಹಿಡಿದ ಹಿರಿಯರು ಮನೆಯಲ್ಲಿದ್ದರೆ ಅವರ ನೇಮವನ್ನು ಗೌರವಿಸಿರಿ. ಅವರಿಗೆ ರೊಟ್ಟಿ ಇದ್ದೇ ಇದೆ. ಹಿರಿಯರೂ ಸೊಸೆಯ ಶುದ್ಧವಾದ ದುಡಿಮೆಯನ್ನು ಅಶುದ್ಧವೆಂದು ನೂಕದಿರಲಿ. ಇಡೀ ಕಾಳಿನ ಹಿಟ್ಟು, ಶುಚಿಯಾದ ಕೈ, ಹಂಚಿ ಉಣ್ಣುವ ಮನಸ್ಸು ಇವು ಕೂಡಿದಲ್ಲಿ ಬನ್ನೂ ರೊಟ್ಟಿಯಂತೆಯೇ ಅರ್ಪಣೆಗೆ ಯೋಗ್ಯ. ಅತ್ತೆ ಸೊಸೆಯರು ಒಂದೇ ಪರಾತದ ಮುಂದೆ ಕುಳಿತು ನಾದಿದ ಹಿಟ್ಟು ಇನ್ನಷ್ಟು ಚೆನ್ನಾಗಿ ಹಿಗ್ಗಲಿ ಎಂದು ಹಾರೈಸುತ್ತೇನೆ.