ಮಕ್ಕಳ ಕೈಯ ಮೊಬೈಲು ಮತ್ತು ನಮ್ಮ ಶಾಲೆ

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಹಳೆಯ ನೆನಪುಗಳನ್ನು ಬರೆದುಕೊಡಬೇಕೆಂದು ಸಮಿತಿಯವರು ಕಲ್ಯಾಣದುರ್ಗದಿಂದ ಹಿಂದೂಪುರದ ನನ್ನ ಮನೆಯವರೆಗೆ ಬಂದು ಕೇಳಿದರು. ನೆನಪುಗಳನ್ನು ಬರೆಯಲು ಅನೇಕರಿದ್ದಾರೆ. ನಾನು ಬೇರೊಂದು ವಿಷಯವನ್ನು ವಾಚಕರ ಮುಂದಿಡಬಯಸುತ್ತೇನೆ.

ನನ್ನ ಮಗಳ ಮಗ ಒಂಬತ್ತನೆಯ ತರಗತಿಯ ವಿದ್ಯಾರ್ಥಿ. 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಪಾಠಕ್ಕೆಂದು ನಾವೇ ಅವನ ಕೈಗೆ ಮೊಬೈಲು ಕೊಟ್ಟೆವು. ಪಾಠ ಮುಗಿಯಿತು, ಮೊಬೈಲು ಉಳಿಯಿತು. ಕಳೆದ ಬೇಸಿಗೆಯಲ್ಲಿ ಅವನು ನಮ್ಮಲ್ಲಿಗೆ ಬಂದಿದ್ದಾಗ ರಾತ್ರಿ ಎರಡು ಗಂಟೆಗೂ ಹೊದಿಕೆಯೊಳಗೆ ಬೆಳಕು ಕಾಣುತ್ತಿತ್ತು. ಮೂವತ್ತು ವರ್ಷ ಬೆತ್ತ ಹಿಡಿದ ಕೈ ನನ್ನದು. ಕಸಿದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಹುಡುಗ ಎರಡು ದಿನ ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ಬೀಗ ಮುರಿದಿತ್ತು. ನನ್ನ ಶಿಕ್ಷಣಶಾಸ್ತ್ರವೂ ಅಲ್ಲಿಗೆ ಮುಗಿಯಿತು.

ಇದನ್ನು ಬರಿಯ ಹಟವೆಂದು ತಳ್ಳಿಹಾಕುವಂತಿಲ್ಲ. 2022ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದಲ್ಲಿ ಮೊಬೈಲು, ಕಂಪ್ಯೂಟರುಗಳ ಆಟದ ಗೀಳಿಗೂ ಸ್ಥಾನ ದೊರೆತಿದೆ. ಹಿಡಿತ ತಪ್ಪಬೇಕು, ಓದು, ಊಟ, ಸ್ನೇಹಗಳೆಲ್ಲ ಹಿಂದೆ ಬೀಳಬೇಕು, ಕೆಡುಕು ಕಂಡರೂ ಬಿಡಲಾಗಬಾರದು. ಆಗ ಅದು ರೋಗ. ನಮ್ಮ ಬಹುಪಾಲು ಮಕ್ಕಳು ಅಲ್ಲಿಗೆ ಮುಟ್ಟಿಲ್ಲವೆಂದೇ ನನ್ನ ನಂಬಿಕೆ, ಕೆಲವರು ಅಂಚಿನಲ್ಲಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿಯೇ ಇಂಥವರಿಗಾಗಿ ‘ಶಟ್’ ಎಂಬ ಚಿಕಿತ್ಸಾಲಯವನ್ನು ತೆರೆಯಿತು. ಹಿಂದೂಪುರದವರಿಗೆ ರೈಲು ಹತ್ತಿದರೆ ಬೆಂಗಳೂರು ಹತ್ತಿರವೇ. ಕಲ್ಯಾಣದುರ್ಗದ ಕೂಲಿಕಾರನ ಮಗನಿಗೆ ಅದು ಬಹು ದೂರ.

ಸಮೂಹ ಚಿಕಿತ್ಸೆಯನ್ನು ಶಾಲೆಗೇ ತರಬಹುದು. ಏಳೆಂಟು ಮಕ್ಕಳು ವಾರಕ್ಕೊಮ್ಮೆ ಆಪ್ತಸಲಹೆಗಾರರ ಸಮ್ಮುಖದಲ್ಲಿ ದುಂಡಗೆ ಕುಳಿತು ಮಾತನಾಡುವುದು. ಎಷ್ಟು ಹೊತ್ತಿಗೆ ಮೊಬೈಲು ಹಿಡಿದೆ, ಆಗ ಮನಸ್ಸಿನಲ್ಲಿ ಇದ್ದುದು ಬೇಸರವೋ, ಒಂಟಿತನವೋ, ಪರೀಕ್ಷೆಯ ಭಯವೋ ಎಂಬುದನ್ನು ಬರೆದು ತಂದು ಓದುವುದು. ಮುಂದಿನ ವಾರಕ್ಕೆ ಒಂದು ಸಣ್ಣ ಗುರಿ ಇಟ್ಟುಕೊಳ್ಳುವುದು. ಹಿರಿಯರು ಹೇಳಿದರೆ ಉಪದೇಶವೆನಿಸುವ ಮಾತು ಪಕ್ಕದ ಬೆಂಚಿನವನು ಹೇಳಿದಾಗ ಕಿವಿಗೆ ಬೀಳುತ್ತದೆ. ಅಂಥ ಕೂಟದಲ್ಲಿ ಹುಡುಗರು ಹೊಸ ಆಟಗಳನ್ನೇ ಕಲಿತು ಬರುವ ಅಪಾಯವೂ ಇಲ್ಲದಿಲ್ಲ. ಆದುದರಿಂದಲೇ ತರಬೇತಿ ಪಡೆದವರು ಬೇಕು. ನನ್ನಂಥ ನಿವೃತ್ತರಿಂದ ಆಗುವ ಕೆಲಸವಲ್ಲ. ಕನ್ನಡ ಬಲ್ಲವರೇ ಆಗಿರಲಿ. ಬೀದಿಯಲ್ಲಿ ತೆಲುಗು ಆಡುವ ನಮ್ಮ ಮಕ್ಕಳು ಅಳುವುದು ಮನೆಮಾತಿನಲ್ಲಿಯೇ. ತಂದೆತಾಯಂದಿರೂ ತಿಂಗಳಿಗೊಮ್ಮೆ ಬಂದು ಕುಳಿತುಕೊಳ್ಳಲಿ, ತಮ್ಮ ಮೊಬೈಲನ್ನು ಬಾಗಿಲಲ್ಲಿಟ್ಟು.

ಶಾಲೆಗೆ ಮಹಾದ್ವಾರ ಕಟ್ಟಿಸಲು ಸಮಿತಿಯವರು ಚಂದಾ ಎತ್ತುತ್ತಿದ್ದಾರೆ. ನಾನೂ ಕೊಟ್ಟಿದ್ದೇನೆ. ಅದನ್ನು ಒಂದು ವರ್ಷ ಮುಂದೂಡಿ, ಆ ಹಣವನ್ನು ಆಪ್ತಸಲಹೆಗಾರರ ಸಂಭಾವನೆಗೆ ಕೊಟ್ಟು, ಶನಿವಾರ ಮಧ್ಯಾಹ್ನ ಒಂದು ಕೊಠಡಿಯನ್ನು ತೆರೆದಿಡಬೇಕೆಂಬುದು ನನ್ನ ಬಿನ್ನಹ. ಅಲ್ಲಿಯವರೆಗೆ, 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಮಾತನಾಡಬಹುದು.

ಈ ಯೋಚನೆಯನ್ನು ಮೊದಲು ಮೊಮ್ಮಗನಿಗೇ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ಬೇರೆ ಹುಡುಗರೂ ಹೇಳ್ತಾರಾ, ತಾತ? ಹಂಗಾದ್ರೆ ಬರ್ತೀನಿ” ಎಂದ.